ತೆಂಗಿನ ಬುಡದಲ್ಲಿ ಅಣಬೆ ಕಂಡರೆ ಪಕ್ಕದ ಮರದಿಂದ ಶುರು ಮಾಡಿ

ಮಳೆ ನಿಂತ ಒಂದು ಬೆಳಿಗ್ಗೆ ತೋಟಕ್ಕೆ ಹೋದಾಗ ತೆಂಗಿನ ಬುಡಕ್ಕೆ ಕಂದು ಬಣ್ಣದ ತಟ್ಟೆಯೊಂದು ಅಂಟಿಕೊಂಡಿತ್ತು. ಮೇಲೆ ವಾರ್ನಿಷ್ ಬಳಿದ ಹಾಗೆ ಹೊಳಪು, ಅಂಚಿಗೆ ಬಿಳಿ ಗೆರೆ. ಚಪ್ಪಲಿ ಕಾಲಿನಿಂದ ಒದ್ದು ಕಿತ್ತು ಎಸೆದೆ. ಅಣಬೆ ಹೋಯ್ತಲ್ಲ, ರೋಗವೂ ಹೋಯ್ತು ಅಂದುಕೊಂಡೆ. ಎರಡು ವರ್ಷದೊಳಗೆ ಅದೇ ಸಾಲಿನಲ್ಲಿ ಇನ್ನೂ ಮೂರು ಮರ ಒಣಗಿದವು.

ಅವತ್ತು ನನಗೆ ಗೊತ್ತಿರದಿದ್ದ ಸಂಗತಿ ಒಂದೇ. ಅಣಬೆ ಹೊರಗೆ ಬರುವ ಹೊತ್ತಿಗೆ ಆ ಮರದ ಕತೆ ಹೆಚ್ಚುಕಡಿಮೆ ಮುಗಿದಿರುತ್ತದೆ. ನಾವು ಓಡಬೇಕಾದದ್ದು ಅದರ ಪಕ್ಕದ ಮರಗಳ ಕಡೆಗೆ. ಈ ಲೇಖನ ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದಕ್ಕಾಗಿ.

ಮೊದಲು ಇದು ಯಾರು ಅಂತ ತಿಳಿಯೋಣ

ಈ ಅಣಬೆಯ ಕುಲದ ಹೆಸರು ಗ್ಯಾನೋಡರ್ಮಾ. ಫಿನ್ಲೆಂಡಿನ ಪೀಟರ್ ಕಾರ್ಸ್ಟನ್ 1881ರಲ್ಲಿ ಇಟ್ಟ ಹೆಸರು. ಗ್ರೀಕ್ ಭಾಷೆಯಲ್ಲಿ ಹೊಳೆಯುವ ಚರ್ಮ ಅಂತ ಅರ್ಥ. ನೋಡಿದವರಿಗೆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ತೆಂಗು, ಅಡಿಕೆ ಬೆಳೆಗಾರರು ಇದರಿಂದ ಬರುವ ಕಾಯಿಲೆಗೆ ಅಣಬೆ ರೋಗ ಅಂತಲೇ ಅನ್ನುತ್ತಾರೆ. ತಮಿಳುನಾಡಿನಲ್ಲಿ 1952ರ ಚಂಡಮಾರುತದ ನಂತರ ತಂಜಾವೂರು ಜಿಲ್ಲೆಯ ತೆಂಗಿನಲ್ಲಿ ಜೋರಾಗಿ ಕಾಣಿಸಿಕೊಂಡಿತು. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ತಂಜಾವೂರು ವಿಲ್ಟ್ ಅನ್ನುವ ಹೆಸರೂ ಸಿಗುತ್ತದೆ. ಎರಡೂ ಒಂದೇ. ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆಎಣ್ಣೆ ತೋಟಗಳಿಗೆ ಕಾಡುವುದೂ ಇದೇ ಕುಲದ ಇನ್ನೊಂದು ಜಾತಿ.

ಬೇಲಿ ಪಕ್ಕ ಮಳೆಗೆ ಏಳುವ ನಾಯಿಕೊಡೆಗೂ ಇದಕ್ಕೂ ವ್ಯತ್ಯಾಸ ಸುಲಭ. ನಾಯಿಕೊಡೆ ಎರಡು ದಿನದಲ್ಲಿ ಕರಗಿ ಹೋಗುತ್ತದೆ. ಅದರ ಕೊಡೆಯ ಕೆಳಗೆ ಪುಸ್ತಕದ ಹಾಳೆ ಜೋಡಿಸಿದ ಹಾಗೆ ಸೀಳುಗಳಿರುತ್ತವೆ. ಗ್ಯಾನೋಡರ್ಮಾ ಗೋಡೆಗೆ ಹೊಡೆದ ಹಲಗೆಯ ಹಾಗೆ ಮರದಿಂದ ಅಡ್ಡಕ್ಕೆ ಚಾಚಿರುತ್ತದೆ. ಎಳೆಯದಾಗಿದ್ದಾಗ ಬೆಂಡಿನ ಹಾಗೆ ಮೆದು, ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ. ಕೆಳಭಾಗ ಬಿಳಿ. ಹತ್ತಿರದಿಂದ ನೋಡಿದರೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಆ ರಂಧ್ರಗಳಿಂದ ಕೋಕೋ ಪುಡಿಯಂಥ ಕಂದು ಧೂಳು ಉದುರುತ್ತದೆ. ಅದೇ ಇದರ ಬೀಜಾಣು. ಕೆಲವೊಮ್ಮೆ ತಟ್ಟೆಯ ಮೇಲೂ, ಸುತ್ತಲಿನ ಹುಲ್ಲಿನ ಮೇಲೂ ಈ ಧೂಳು ಕೂತಿರುತ್ತದೆ. ಅನುಮಾನವಿದ್ದರೆ ರಾತ್ರಿ ಅದರ ಕೆಳಗೆ ಬಿಳಿ ಕಾಗದ ಇಟ್ಟು ಬೆಳಿಗ್ಗೆ ನೋಡಿ.

ಹೊರಗೆ ಕಾಣುವ ಈ ತಟ್ಟೆ ಬೀಜಾಣು ಉದುರಿಸುವ ಅಂಗ ಅಷ್ಟೇ. ಶಿಲೀಂಧ್ರದ ಮೈ ಒಳಗಿರುತ್ತದೆ, ಬೇರಿನಲ್ಲಿ ಮತ್ತು ಬುಡದಲ್ಲಿ ಬಿಳಿ ದಾರದ ಹಾಗೆ ಹಬ್ಬಿಕೊಂಡು. ಕಟ್ಟಿಗೆಗೆ ಗಟ್ಟಿತನ ಕೊಡುವುದು ಲಿಗ್ನಿನ್ ಅನ್ನುವ ವಸ್ತು. ಅದನ್ನು ಅರಗಿಸಿಕೊಳ್ಳುವ ಜೀವಿಗಳು ಭೂಮಿಯ ಮೇಲೆ ಕಡಿಮೆ. ಇದು ಅವುಗಳಲ್ಲಿ ಒಂದು. ಅದಕ್ಕೇ ರೋಗ ಬಂದ ಮರದ ಬುಡ ಸೀಳಿದರೆ ಒಳಗೆ ಬಣ್ಣಗೆಟ್ಟ, ಸ್ಪಂಜಿನಂಥ ನಾರು ಸಿಗುತ್ತದೆ. ಮಾವು, ಹೊಂಗೆಯಂಥ ಮರಗಳು ಗಾಯದ ಸುತ್ತ ಹೊಸ ತೊಗಟೆ ಬೆಳೆಸಿಕೊಂಡು ಮುಚ್ಚಿಕೊಳ್ಳುತ್ತವೆ. ತೆಂಗು, ಅಡಿಕೆಗೆ ಆ ಶಕ್ತಿ ಇಲ್ಲ. ಬುಡಕ್ಕೆ ಟಿಲ್ಲರ್ ತಾಗಿಸಿದ್ದು, ಹತ್ತಲು ಅಂತ ಮಚ್ಚಿನಲ್ಲಿ ಕಚ್ಚು ಹಾಕಿದ್ದು, ಎಲ್ಲ ಹಾಗೇ ಉಳಿಯುತ್ತದೆ.

ಹೆಜ್ಜೆ 1: ಅಣಬೆಗೆ ಕಾಯಬೇಡಿ, ಗರಿ ಮತ್ತು ಬುಡ ನೋಡಿ

ಮೊದಲ ಸೂಚನೆ ಕೆಳಗಿನ ಗರಿಗಳಲ್ಲಿ. ಹೊರ ಸುತ್ತಿನ ಗರಿ ಹಳದಿಯಾಗಿ, ಕಂದಾಗಿ, ಉದುರದೆ ಬೊಡ್ಡೆಗೆ ಆತುಕೊಂಡು ಲಂಗದ ಹಾಗೆ ಜೋತು ಬೀಳುತ್ತದೆ. ಹೊಸ ಗರಿ ಬರುವುದು ತಡವಾಗುತ್ತದೆ, ಬಂದದ್ದು ಗಿಡ್ಡವಾಗಿರುತ್ತದೆ. ಹರಳು, ಅಂದರೆ ಇನ್ನೂ ಬಲಿಯದ ಪುಟ್ಟ ಕಾಯಿ, ಜಾಸ್ತಿ ಉದುರುತ್ತದೆ. ಕಾಯಿ ಸಣ್ಣದಾಗುತ್ತದೆ. ಇಷ್ಟನ್ನೇ ನೋಡಿ ರೋಗ ಅನ್ನಲು ಆಗುವುದಿಲ್ಲ, ಯಾಕೆಂದರೆ ನೀರು ಕಡಿಮೆಯಾದರೂ ಮರ ಹೀಗೇ ಆಡುತ್ತದೆ.

ಆದ್ದರಿಂದ ಬುಡಕ್ಕೆ ಬನ್ನಿ. ನೆಲದಿಂದ ಮೂರು ಅಡಿಯೊಳಗೆ ಬೊಡ್ಡೆಯ ಸಣ್ಣ ಬಿರುಕುಗಳಿಂದ ಕೆಂಪು ಮಿಶ್ರಿತ ಕಂದು ರಸ ಜಿನುಗಿದೆಯಾ ನೋಡಿ. ಒಣಗಿದ ಮೇಲೆ ಅದು ಅಂಟಿನ ಹಾಗೆ ಕಪ್ಪಗೆ ಕೂತಿರುತ್ತದೆ. ಕುಡುಗೋಲಿನ ಹಿಂಬದಿಯಿಂದ ತಟ್ಟಿದರೆ ಒಳಗೆ ಕೊಳೆತ ಕಡೆ ಟೊಳ್ಳು ಸದ್ದು ಬರುತ್ತದೆ. ಒಂದೆರಡು ಕಡೆ ಮಣ್ಣು ಸರಿಸಿ ಬೇರು ನೋಡಿ. ಒಳ್ಳೆಯ ಬೇರು ಮುರಿದರೆ ಒಳಗೆ ಬಿಳಿ. ರೋಗದ ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತದೆ.

ಇಲ್ಲಿ ಒಂದು ಗೊಂದಲ ಮಾಡಿಕೊಳ್ಳಬೇಡಿ. ತೆಂಗಿಗೆ ರಸ ಸೋರುವ ರೋಗ ಅಂತ ಬೇರೊಂದಿದೆ. ಅದೂ ಶಿಲೀಂಧ್ರವೇ, ಆದರೆ ಬೇರೆ ಜಾತಿ. ಅದರಲ್ಲಿ ಡಾಂಬರಿನಂಥ ಕಲೆಗಳು ಕಾಂಡದ ಯಾವ ಎತ್ತರದಲ್ಲೂ ಬರಬಹುದು, ಬೇರು ಚೆನ್ನಾಗಿರುತ್ತದೆ. ಕೊಳೆತ ಭಾಗ ಕೆತ್ತಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಬಳಿದರೆ ಸುಧಾರಿಸುತ್ತದೆ. ಅಣಬೆ ರೋಗ ಬೇರಿನಿಂದ ಮೇಲಕ್ಕೆ ಹತ್ತುತ್ತದೆ, ಅದನ್ನು ಕೆತ್ತಿ ತೆಗೆಯುವುದು ಆಗದ ಮಾತು. ಕೆಂಪು ಮೂತಿ ಹುಳು ಹೊಕ್ಕ ಮರದಲ್ಲೂ ಕಂದು ರಸ ಬರುತ್ತದೆ. ಅಲ್ಲಿ ತೂತಿನ ಬಾಯಲ್ಲಿ ಜಗಿದು ಉಗುಳಿದಂಥ ನಾರು ಸಿಕ್ಕಿಕೊಂಡಿರುತ್ತದೆ.

ನಮ್ಮ ತಿಪಟೂರು, ಗುಬ್ಬಿ ಕಡೆಯ ಕೆಂಪು ಮಣ್ಣಿನ ಖುಷ್ಕಿ ತೋಟಗಳಲ್ಲಿ ಬೇಸಿಗೆಯಲ್ಲಿ ನೀರಿಲ್ಲದೆ ಸೊರಗಿದ ಮರಕ್ಕೆ ಇದು ಬೇಗ ಹಿಡಿಯುತ್ತದೆ. ಕೆಲವು ಮರ ಆರು ತಿಂಗಳಲ್ಲಿ ಹೋಗುತ್ತವೆ. ಕೆಲವು ಮೂರು ನಾಲ್ಕು ವರ್ಷ ಎಳೆಯುತ್ತವೆ. ಎಳೆಯುವವೇ ಹೆಚ್ಚು ಅಪಾಯ. ಅಷ್ಟೂ ದಿನ ಅವುಗಳ ಬೇರು ಪಕ್ಕದ ಮರದ ಬೇರಿಗೆ ಕೈ ಕೊಟ್ಟುಕೊಂಡೇ ಇರುತ್ತದೆ.

ಹೆಜ್ಜೆ 2: ಉಳಿಯುವ ಮರ ಯಾವುದು, ಹೋಗುವ ಮರ ಯಾವುದು

ಬಣ್ಣದ ಡಬ್ಬಿ ಹಿಡಿದು ತೋಟ ಸುತ್ತಿ. ಅರ್ಧಕ್ಕಿಂತ ಹೆಚ್ಚು ಗರಿ ಜೋತು ಬಿದ್ದಿದ್ದರೆ, ಸುಳಿ ಸೊರಗಿದ್ದರೆ, ಅಥವಾ ಬುಡದಲ್ಲಿ ಅಣಬೆ ಎದ್ದಿದ್ದರೆ ಕೆಂಪು ಗುರುತು ಹಾಕಿ. ರಸ ಜಿನುಗುತ್ತಿದ್ದು ತಲೆ ಇನ್ನೂ ಹಸಿರಾಗಿದ್ದರೆ ಹಳದಿ. ಕೆಂಪು ಮರದ ಸುತ್ತ ಇರುವ ಎಲ್ಲ ಮರಕ್ಕೂ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಬಿಳಿ ಗುರುತು.

ಕೆಂಪು ಮರಕ್ಕೆ ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೇನೆ. ಅಂಗಡಿಯವರೊಬ್ಬರು ಕೊಟ್ಟ ದುಬಾರಿ ಪುಡಿಯನ್ನು ಸಾಯುತ್ತಿದ್ದ ಮರದ ಬುಡಕ್ಕೆ ಮೂರು ಸಲ ಹಾಕಿದೆ. ಮರವೂ ಹೋಯಿತು, ದುಡ್ಡೂ ಹೋಯಿತು. ಆ ಹೊತ್ತಿನಲ್ಲಿ ಪಕ್ಕದ ಎರಡು ಮರಕ್ಕೆ ಬೇವಿನ ಹಿಂಡಿಯಾದರೂ ಹಾಕಬಹುದಿತ್ತು.

ಹೆಜ್ಜೆ 3: ಬುಡ ಸಮೇತ ತೆಗೆಯಿರಿ

ಮರ ಕೊಯ್ಯುವವರು ನೆಲದಿಂದ ಒಂದಡಿ ಬಿಟ್ಟು ಗರಗಸ ಇಡುತ್ತಾರೆ. ಅವರಿಗೆ ಅದು ಅನುಕೂಲ. ನಿಮಗೆ ಅದು ಕಂಟಕ, ಯಾಕೆಂದರೆ ಆ ಮೋಟು ಶಿಲೀಂಧ್ರಕ್ಕೆ ವರ್ಷಗಟ್ಟಲೆ ಊಟ. ನಾನು ಒದ್ದು ಕಿತ್ತ ಅಣಬೆ ಮುಂದಿನ ಮಳೆಗೆ ಮತ್ತೆ ಎದ್ದದ್ದು ಅಂಥದ್ದೇ ಮೋಟಿನ ಮೇಲೆ.

ಮೊದಲು ಹೊಳೆಯುವ ತಟ್ಟೆಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಧೂಳು ಹಾರಿಸಬೇಡಿ. ತಿಪ್ಪೆಗೆ ಎಸೆಯಬೇಡಿ, ಸುಡಿ. ಮರ ಕೆಡವಿದ ಮೇಲೆ ಬುಡದ ಗಡ್ಡೆಯನ್ನೂ ಸಿಕ್ಕಷ್ಟು ಬೇರನ್ನೂ ಅಗೆದು ತೆಗೆಯಿರಿ. ಜೆಸಿಬಿ ತರಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಡ್ರೈವರ್ ಪಕ್ಕದ ಮರದ ಬೇರನ್ನೂ ಹರಿದು ಹಾಕದ ಹಾಗೆ ಪಕ್ಕದಲ್ಲೇ ನಿಂತುಕೊಳ್ಳಿ. ಗಡ್ಡೆ ಹಸಿಯಾಗಿರುವುದರಿಂದ ಒಂದೇ ಸಲಕ್ಕೆ ಸುಡುವುದಿಲ್ಲ. ತೋಟದ ಹೊರಗೆ ಒಣಗಿಸಿ, ಗರಿ ಹಾಕಿ ಎರಡು ಮೂರು ಸಲ ಸುಡಬೇಕು. ಆ ಬೊಡ್ಡೆಯನ್ನು ಕಾಲುವೆಗೆ ಸಂಕ ಮಾಡಲಿಕ್ಕೆ ಉಳಿದ ತೋಟದೊಳಗೆ ಎಳೆದೊಯ್ಯಬೇಡಿ. ಚೆನ್ನಾಗಿರುವ ಮೇಲಿನ ಭಾಗ ಹೊರಗೆ ಬೇರೆ ಕೆಲಸಕ್ಕೆ ಆಗಬಹುದು. ಕೆಳಗಿನ ಐದಾರು ಅಡಿ ಬೆಂಕಿಗೇ.

ಗುಂಡಿಯನ್ನು ಒಂದು ಬೇಸಿಗೆ ಬಿಸಿಲಿಗೆ ಬಿಡಿ.

ಹೆಜ್ಜೆ 4: ಕಂದಕ

ಕೆಂಪು ಮರವನ್ನು ತಕ್ಷಣ ತೆಗೆಯಲು ಆಗದಿದ್ದರೆ, ಹಳದಿ ಮರಗಳಿಗಂತೂ ತಪ್ಪದೆ, ಸುತ್ತಲೂ ಕಂದಕ ತೋಡಿ. ಬೊಡ್ಡೆಯಿಂದ ಐದು ಅಡಿ ದೂರ, ಮೂರು ಅಡಿ ಆಳ, ಒಂದು ಅಡಿ ಅಗಲ. ತೆಂಗಿನ ಬೇರು ಬಹುಪಾಲು ಬುಡದ ಸುತ್ತ ಆರೇಳು ಅಡಿಯೊಳಗೆ ಹರಡಿರುತ್ತದೆ. ಅದನ್ನು ಪಕ್ಕದ ಮರದ ಬೇರಿನಿಂದ ಬಿಡಿಸುವುದೇ ಇದರ ಉದ್ದೇಶ. ಒಂದಡಿ ಆಳಕ್ಕೆ ಗೀಚಿ ಬಿಟ್ಟರೆ ಕೂಲಿ ದಂಡ, ಅಷ್ಟೇ. ತೆಗೆದ ಮಣ್ಣನ್ನು ರೋಗದ ಮರದ ಕಡೆಗೆ ಹಾಕಿ. ಸಿಕ್ಕ ಬೇರು ಆಯ್ದು ಸುಡಿ. ರೋಗದ ಮರಕ್ಕೆ ಬಳಸಿದ ಪಿಕಾಸಿ, ಗುದ್ದಲಿಯನ್ನು ತೊಳೆದೇ ಇನ್ನೊಂದು ಮರಕ್ಕೆ ಒಯ್ಯಿರಿ.

ಇದೇ ಕಾರಣಕ್ಕೆ ರೋಗ ಬಂದ ತೋಟದಲ್ಲಿ ಟ್ರ್ಯಾಕ್ಟರ್ ಉಳುಮೆ ನಿಲ್ಲಿಸಬೇಕು. ಕಲ್ಟಿವೇಟರ್ ಹಲ್ಲು ಕೊಳೆತ ಬೇರಿನ ಚೂರನ್ನು ಸಾಲಿನ ಉದ್ದಕ್ಕೂ ಹಂಚುತ್ತದೆ. ಕಳೆ ಬಂದರೆ ಕೊಚ್ಚಿ. ಒಂದು ಪಾತಿಯಿಂದ ಇನ್ನೊಂದು ಪಾತಿಗೆ ನೀರು ಹರಿಸುವ ಹಳೇ ರೂಢಿಯನ್ನೂ ಬಿಡಬೇಕು. ಪ್ರತಿ ಮರಕ್ಕೂ ಬೇರೆ ಪಾತಿ, ಬೇರೆ ನೀರು. ಡ್ರಿಪ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 5: ಬಿಳಿ ಮತ್ತು ಹಳದಿ ಮರಗಳ ಆರೈಕೆ

ಇಡೀ ಕೆಲಸದ ತಿರುಳು ಇಲ್ಲಿದೆ. ಆತುರ ಮಾಡಬೇಡಿ.

ಬೋರ್ಡೋ ದ್ರಾವಣದಿಂದ ಶುರು ಮಾಡೋಣ. ಶೇಕಡಾ 1ರ ದ್ರಾವಣ, ಮರಕ್ಕೆ 40 ಲೀಟರ್. ಅಷ್ಟಕ್ಕೆ 400 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 400 ಗ್ರಾಂ ಸುಣ್ಣ ಬೇಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ನೀರಿಗೆ ಮೈಲುತುತ್ತ ಕರಗಿಸಿ. ಇನ್ನೊಂದರಲ್ಲಿ 20 ಲೀಟರಿಗೆ ಸುಣ್ಣ ಕಲಸಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕದಡಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ, ದ್ರಾವಣ ಕೆಡುತ್ತದೆ. ಕಬ್ಬಿಣದ ಪಾತ್ರೆ ಬೇಡ. ಆದರೆ ಪರೀಕ್ಷೆಗೆ ಕಬ್ಬಿಣವೇ ಬೇಕು: ತಿಕ್ಕಿ ಬೆಳ್ಳಗೆ ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಿ. ಮಾಡಿದ ದಿನವೇ ಬಳಸಿ. ಪಾತಿಯ ಮಣ್ಣು ಚೆನ್ನಾಗಿ ನೆನೆಯುವ ಹಾಗೆ ಬುಡದ ಸುತ್ತ ಹೊಯ್ಯಿರಿ. ವರ್ಷಕ್ಕೆ ಮೂರು ಸಲ. ಕೊಳೆರೋಗಕ್ಕೆ ಔಷಧಿ ಹೊಡೆಸುವ ಅಡಿಕೆಯವರಿಗೆ ಇದೆಲ್ಲ ಕಣ್ಣು ಮುಚ್ಚಿಕೊಂಡು ಬರುತ್ತದೆ. ನಮ್ಮ ತೆಂಗಿನವರೇ ಅಳತೆ ತಪ್ಪುವುದು.

ಇದಾಗಿ ಒಂದು ತಿಂಗಳು ಬಿಟ್ಟು ಟ್ರೈಕೋಡರ್ಮಾ. ಇದು ಶಿಲೀಂಧ್ರವನ್ನು ತಿನ್ನುವ ಶಿಲೀಂಧ್ರ. ತಾಮ್ರದ ಜೊತೆ ಹಾಕಿದರೆ ಸುಮ್ನೆ ಸಾಯುತ್ತದೆ, ಅದಕ್ಕೇ ಈ ಅಂತರ. ನೆರಳಿನಲ್ಲಿ ಬೇವಿನ ಹಿಂಡಿ ಹರಡಿ. ಮರಕ್ಕೆ 5 ಕಿಲೋ ಹಿಂಡಿ, 50 ಗ್ರಾಂ ಟ್ರೈಕೋಡರ್ಮಾ ಲೆಕ್ಕ. ನೀರು ಚಿಮುಕಿಸಿ ಕಲಸಿ, ಒದ್ದೆ ಗೋಣಿ ಹೊದಿಸಿ ಹತ್ತು ಹದಿನೈದು ದಿನ ಬಿಡಿ. ಹಿಂಡಿಯ ಮೇಲೆ ಹಸಿರು ಬೂಜು ಬಂದರೆ ಗೆದ್ದಿರಿ. ನಮ್ಮ ಮನೆಯವರು ಮೊದಲ ಸಲ ಅದನ್ನು ಹಿಂಡಿ ಹಾಳಾಯ್ತು ಅಂತ ಎಸೆಯಲು ಹೊರಟಿದ್ದರು. ಇದನ್ನು 50 ಕಿಲೋ ಕೊಟ್ಟಿಗೆ ಗೊಬ್ಬರದ ಜೊತೆ ಪಾತಿಗೆ ಹಾಕಿ ಮಣ್ಣು ಎಳೆದು, ಗರಿ ಮುಚ್ಚಿ ತೇವ ಇಡಿ. ಒಣ ಮಣ್ಣಿನಲ್ಲಿ ಟ್ರೈಕೋಡರ್ಮಾ ಕೆಲಸ ಮಾಡುವುದಿಲ್ಲ.

ಹಳದಿ ಮರಗಳಿಗೆ ಮಾತ್ರ ಬೇರಿನ ಮೂಲಕ ಔಷಧಿ ಕೊಡುವುದು ಉಂಟು. ಪೆನ್ಸಿಲ್ ದಪ್ಪದ, ಚುರುಕಾಗಿರುವ ಎಳೆ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ. 100 ಮಿಲೀ ನೀರಿಗೆ 2 ಮಿಲೀ ಹೆಕ್ಸಕೊನಜೋಲ್ ಅನ್ನುವ ಶಿಲೀಂಧ್ರನಾಶಕ ಬೆರೆಸಿದ ಪುಟ್ಟ ಪಾಲಿಥಿನ್ ಚೀಲದಲ್ಲಿ ಆ ತುದಿ ಮುಳುಗಿಸಿ ದಾರ ಕಟ್ಟಿ. ಮರುದಿನದ ಹೊತ್ತಿಗೆ ಮರ ಕುಡಿದಿರಬೇಕು. ಕುಡಿಯದಿದ್ದರೆ ಬೇರೆ ಬೇರು ನೋಡಿ. ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಕೊಡುವ ಮೊದಲೇ ಬಲಿತ ಕಾಯಿ, ಎಳನೀರು ಇಳಿಸಿ, ಆಮೇಲೆ 45 ದಿನ ಆ ಮರ ಮುಟ್ಟಬೇಡಿ. ಮಕ್ಕಳು ಎಳನೀರಿಗೆ ಹತ್ತದಂತೆ ಬೊಡ್ಡೆಗೆ ಬಟ್ಟೆ ಕಟ್ಟಿಡಿ. ಡೋಸನ್ನು ನಿಮ್ಮ ಡಬ್ಬಿಯ ಮೇಲಿನ ಶೇಕಡಾ ನೋಡಿ, ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಒಮ್ಮೆ ಕೇಳಿಕೊಳ್ಳಿ.

ಹಳೆಯ ಕರಪತ್ರಗಳಲ್ಲಿ ಟ್ರೈಡೆಮಾರ್ಫ್ ಅನ್ನುವ ಔಷಧಿಯ ಹೆಸರು ಇರುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಅದನ್ನು ನಿಷೇಧಿಸಿದೆ. ಯಾರ ಮನೆಯಲ್ಲೋ ಉಳಿದ ಬಾಟಲಿ ಇದೆ ಅಂದರೂ ತರಬೇಡಿ.

ನೀರಿನ ವಿಷಯ ಕೊನೆಗೆ ಹೇಳಿದರೂ ಅದು ಕೊನೆಯದಲ್ಲ. ಫೆಬ್ರುವರಿಯಿಂದ ಮುಂಗಾರಿನವರೆಗೆ ಪಾತಿ ಪೂರ್ತಿ ಒಣಗಲು ಬಿಡಬೇಡಿ. ಇಷ್ಟು ಮಾಡಲು ಆಗದಿದ್ದರೆ ಮೇಲಿನ ಔಷಧಿಗಳ ಖರ್ಚಿಗೆ ಅರ್ಥವಿಲ್ಲ ಅಂತಲೇ ನನ್ನ ಅನುಭವ.

ಅಡಿಕೆಯವರಿಗೆ ಎರಡು ಮಾತು

ಅಡಿಕೆಯಲ್ಲಿ ರೋಗ ಇದೇ, ತೊಂದರೆಯ ದಾರಿ ಸ್ವಲ್ಪ ಬೇರೆ. ತೆಂಗಿಗೆ ಬೇಸಿಗೆಯ ಒಣಗು ಕಾಟವಾದರೆ, ಅಡಿಕೆಯಲ್ಲಿ ನೀರು ನಿಲ್ಲುವ ತೋಟ, ಆರೈಕೆ ಇಲ್ಲದ ಹಳೇ ತೋಟಗಳಿಗೆ ಕಾಟ ಹೆಚ್ಚು. ಬಸಿಗಾಲುವೆ ಹೂಳೆತ್ತಿಸುವುದೇ ಮೊದಲ ಮದ್ದು. ಸೋಗೆ ಹಳದಿಯಾಗಿ ಜೋತು, ಬುಡದಲ್ಲಿ ಕಂದು ಮಚ್ಚೆ ಕಂಡ ಮರಕ್ಕೆ ಅಡಿಕೆ ಗೊನೆ ತೆಗೆಯುವವರನ್ನು ಹತ್ತಿಸಲೇಬೇಡಿ. ಮೇಲೆ ಹಸಿರಿದ್ದರೂ ಬುಡ ಟೊಳ್ಳಾಗಿ, ಗಾಳಿಗೇ ಮುರಿದು ಬೀಳುವ ಮರ ಅದು. ಅಡಿಕೆಗೆ ಕಂದಕ ಎರಡು ಅಡಿ ಆಳ ಸಾಕು, ಬೇವಿನ ಹಿಂಡಿ ಮರಕ್ಕೆ 2 ಕಿಲೋ. ತೋಟದ ಅಂಚಿನಲ್ಲಿ ಹೊಂಗೆ, ಗುಲ್‌ಮೊಹರ್ ಮರಗಳಿದ್ದರೆ ಅವುಗಳ ಬುಡವನ್ನೂ ನೋಡಿ. ಇದೇ ಶಿಲೀಂಧ್ರ ಅವುಗಳಲ್ಲೂ ಸಂಸಾರ ಹೂಡುತ್ತದೆ. ಹೊಸದಾಗಿ ತೋಟ ಕಟ್ಟುವವರು ಈ ಎರಡನ್ನು ದೂರ ಇಡುವುದು ಒಳ್ಳೆಯದು. ಅಡಿಕೆಗೆ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರ, ತೆಂಗಿಗೆ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರ ವಿಚಾರಿಸುವ ಜಾಗಗಳು. ಹೋಗುವಾಗ ಕೊಳೆತ ಬೇರು, ಬುಡದ ಚೂರು ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವೆತು ಬೇರೆ ಬೂಜು ಹಿಡಿಯುತ್ತದೆ.

ಪೇಟೆಯಲ್ಲಿರುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ರಸ್ತೆಯ ಗುಲ್‌ಮೊಹರ್ ಬುಡದಲ್ಲಿ ಇಂಥ ತಟ್ಟೆ ಕಂಡರೆ ಕಾರನ್ನು ಬೇರೆ ಕಡೆ ನಿಲ್ಲಿಸಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೋ ಸಮೇತ ದೂರು ಕೊಡಿ.

ಮಾರಬಹುದಾ, ತಿನ್ನಬಹುದಾ?

ಈ ಪ್ರಶ್ನೆ ಬಂದೇ ಬರುತ್ತದೆ. ಚೀನಾ, ಜಪಾನಿನಲ್ಲಿ ಈ ಕುಲದ ಅಣಬೆಯನ್ನು ಲಿಂಗ್‌ಝಿ, ರೇಶಿ ಅನ್ನುವ ಹೆಸರಿನಲ್ಲಿ ಔಷಧಿಗೆ ಬಳಸುತ್ತಾರೆ. ನಮ್ಮಲ್ಲೂ ಇದರ ಪುಡಿ ಬೆರೆಸಿದ ಕಾಫಿ ಮಾರುವವರು ಮನೆಗೇ ಬರುತ್ತಾರೆ. ಆದರೆ ಅಲ್ಲಿ ಅದನ್ನು ಮರದ ದಿಮ್ಮಿ, ಮರದ ಹೊಟ್ಟಿನ ಮೇಲೆ ಬೇಸಾಯ ಮಾಡಿ ಬೆಳೆಯುತ್ತಾರೆ. ನಿಮ್ಮ ತೆಂಗಿನ ಬುಡದ್ದು ಅದೇ ಜಾತಿ ಅನ್ನುವ ಖಾತ್ರಿ ಇಲ್ಲ, ಮೇಲಾಗಿ ಮೈಲುತುತ್ತ ಹೊಯ್ದ ಮಣ್ಣಿನಲ್ಲಿ ಎದ್ದದ್ದು. ಕಷಾಯ ಮಾಡಲು ಹೋಗಬೇಡಿ. ಕಟ್ಟಿಗೆಯಷ್ಟು ಗಟ್ಟಿ, ಬೇವಿನಷ್ಟು ಕಹಿ. ಪಲ್ಯದ ಆಸೆಯಂತೂ ಬೇಡವೇ ಬೇಡ.

ಮತ್ತೆ ಸಸಿ ಯಾವಾಗ?

ಬಿಸಿಲು ಕಂಡ ಗುಂಡಿಗೆ ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ, ಹಸಿರು ಬೂಜು ಬಂದ ಬೇವಿನ ಹಿಂಡಿ ತುಂಬಿ. ತೆಂಗಿನ ಸಸಿಯನ್ನು ಅದೇ ಜಾಗಕ್ಕೆ ಮರುವರ್ಷವೇ ಇಡುವ ಆಸೆ ಬೇಡ. ಮಧ್ಯೆ ಬಾಳೆ ಹಾಕಿ. ಅಣಬೆ ರೋಗದ ತೋಟಕ್ಕೆ ಬಾಳೆಯನ್ನು ಮಿಶ್ರಬೆಳೆಯಾಗಿ ಶಿಫಾರಸೂ ಮಾಡುತ್ತಾರೆ. ಬಾಳೆಗೆ ಕೊಡುವ ನೀರು ಪಕ್ಕದ ಬಿಳಿ ಗುರುತಿನ ಮರಗಳಿಗೂ ತೇವ ಕೊಡುತ್ತದೆ. ಮಳೆಗಾಲದ ಮೊದಲು ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಬಿಳಿ ಮರಗಳ ಬುಡವನ್ನೆಲ್ಲ ಸುತ್ತಿ ನೋಡಿ ಪುಸ್ತಕದಲ್ಲಿ ಬರೆದಿಡಿ.

ನನ್ನ ಆ ನಾಲ್ಕು ಗುಂಡಿಗಳಲ್ಲಿ ಈಗ ಪುಟ್ಟಬಾಳೆ ಇದೆ. ಸಾಲಿನ ಕೊನೆಯ ಮರಕ್ಕೆ ಹಳದಿ ಗುರುತು ಹಾಕಿ ಎರಡನೇ ಬೇಸಿಗೆ. ರಸ ಜಿನುಗುವುದು ನಿಂತಿದೆ, ಹೋದ ಸಲ ಹೊಸ ಹೊಂಬಾಳೆಯೂ ಒಡೆದಿದೆ. ಹಳದಿ ಬಣ್ಣ ಇನ್ನೂ ಅಳಿಸಿಲ್ಲ.